ಉರುಳು ಹೂಡಿದವರ ಸೀಮೆ
ಕಿತ್ತೂರಿನಿಂದ ರಾಮದುರ್ಗದವರೆಗೆ, ಮಲಪ್ರಭೆಯ ಬದಿಯ ಬೇಟೆಗಾರರ ನೆಲ

ಕಿತ್ತೂರಿನ ಪಡುವಣಕ್ಕೆ ಮಲೆನಾಡಿನ ಸೆರಗು. ಅಲ್ಲಿಂದ ಮೂಡಣಕ್ಕೆ ಹೊರಟರೆ ಬೈಲಹೊಂಗಲದ ಎರಿ ಹೊಲಗಳು, ಆಮೇಲೆ ಸವದತ್ತಿಯ ಕಲ್ಲುಗುಡ್ಡಗಳು, ಕೊನೆಗೆ ರಾಮದುರ್ಗದ ಮಡ್ಡಿ. ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ, ಗಿಡ ಗಿಡ್ಡಾಗುತ್ತದೆ, ಹುಲ್ಲು ಮತ್ತು ಮುಳ್ಳುಕಂಟಿ ಹೆಚ್ಚುತ್ತವೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ, ಮುನವಳ್ಳಿಗಳನ್ನು ಹಾಯ್ದು ರಾಮದುರ್ಗದ ಬದಿಯಲ್ಲಿ ಹರಿದು ಕೂಡಲಸಂಗಮದತ್ತ ಸಾಗುತ್ತಾಳೆ.

ಈ ಸೀಮೆಗೆ ಬರುವವರು ಕಿತ್ತೂರಿನ ಕೋಟೆ, ಬೈಲಹೊಂಗಲದ ಚನ್ನಮ್ಮನ ಸಮಾಧಿ, ಸವದತ್ತಿಯ ಎಲ್ಲಮ್ಮನ ಗುಡ್ಡ ನೋಡಿ ಹೋಗುತ್ತಾರೆ. ಅದೇ ನೆಲದಲ್ಲಿ ಇನ್ನೊಂದು ಬದುಕೂ ನಡೆದಿತ್ತು. ಅದು ಉರುಳು ಹೂಡಿ, ಹೆಜ್ಜೆ ಓದಿ ಹೊಟ್ಟೆ ಹೊರೆದವರ ಬದುಕು. ಅದಕ್ಕೆ ಇಲ್ಲಿ ಒಂದು ಫಲಕವೂ ಇಲ್ಲ.

ಎತ್ತಿನ ಮರೆಯಲ್ಲಿ ಬೇಟೆ

ಬೆಳಗಾವಿ, ಧಾರವಾಡ, ಗದಗ, ವಿಜಯಪುರ ಸೀಮೆಯಲ್ಲಿ ಉರುಳು ಹೂಡುವ ಈ ಅಲೆಮಾರಿ ಜನರನ್ನು ಹರಣಶಿಕಾರಿ ಎನ್ನುತ್ತಾರೆ. ಫಾಸೆ ಪಾರ್ಧಿ, ಅಡವಿಚಿಂಚೇರ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಮನೆಯೊಳಗೆ ಆಡುವುದು ಗುಜರಾತಿಗೆ ಹತ್ತಿರವಾದ ಮಾತು. ಸಂತೆಯಲ್ಲಿ ಕನ್ನಡ, ಮರಾಠಿ.

ಇವರ ಕಸುಬಿಗೆ ಬಂದೂಕು ಬೇಕಿರಲಿಲ್ಲ. ಹಗ್ಗವೊಂದಕ್ಕೆ ಸಾಲಾಗಿ ಉರುಳುಗಳನ್ನು ಕಟ್ಟಿ, ಚಿಗರಿ ಹಾಯುವ ದಾರಿಯಲ್ಲಿ ಗೂಟ ಬಡಿದು ಹಾಸುತ್ತಿದ್ದರು. ಪಳಗಿಸಿದ ಎತ್ತು ಅಥವಾ ಆಕಳನ್ನು ಮುಂದೆ ಬಿಟ್ಟು, ಅದರ ಮರೆಯಲ್ಲಿ ಬಾಗಿ ನಡೆಯುತ್ತ ಹಿಂಡಿನ ಹತ್ತಿರ ಸರಿಯುತ್ತಿದ್ದರು. ಮೇಯುವ ದನಕ್ಕೆ ಚಿಗರಿ ಬೆದರದು. ಆಮೇಲೆ ಹೆಂಗಸರು ಮಕ್ಕಳು ಸೇರಿ ಹಿಂಡನ್ನು ಉರುಳಿನ ಕಡೆಗೆ ಎಬ್ಬಿಸುತ್ತಿದ್ದರು. ಕೌಜುಗಕ್ಕೆ ಬೇರೆಯೇ ಹೂಟ. ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟು ಸುತ್ತಲೂ ಕುದುರೆಗೂದಲಿನ ಸಣ್ಣ ಉರುಳುಗಳನ್ನು ನೆಡುವುದು. ಒಳಗಿನ ಹಕ್ಕಿ ಕೂಗಿದರೆ ಕಾಡಿನ ಹಕ್ಕಿ ಜಗಳಕ್ಕೆ ಬಂದು ಕಾಲು ಸಿಕ್ಕಿಸಿಕೊಳ್ಳುತ್ತಿತ್ತು. ಹಕ್ಕಿಯ ಕೂಗನ್ನು ಬಾಯಿಂದಲೇ ಹೊರಡಿಸಿ ಕರೆಯುವ ನುರಿತವರೂ ಇದ್ದರು. ಯಾವ ಹುಲ್ಲಿನಲ್ಲಿ ಬುರ್ಲಿ ಅಡಗುತ್ತದೆ, ಮೊಲ ಯಾವ ಹೊತ್ತಿನಲ್ಲಿ ಗೂಡು ಬಿಡುತ್ತದೆ ಎಂಬುದು ಮಕ್ಕಳಿಗೆ ನಡೆಯುತ್ತ ನಡೆಯುತ್ತಲೇ ದಕ್ಕುತ್ತಿದ್ದ ವಿದ್ಯೆ.

ದೂರದ ಟೊಪ್ಪಿಗೆ, ಹತ್ತಿರದ ಜೋಳ

ಬೇಟೆಯಿಂದ ಬದುಕಿದವರು ದೂರದ ಅಮೆರಿಕದಲ್ಲೂ ಇದ್ದರು. ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತದ್ದು 1824ರ ಅಕ್ಟೋಬರ್ 23ರಂದು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ರಾಕಿ ಪರ್ವತಗಳಲ್ಲಿ ಜೆಡಿಡಯಾ ಸ್ಮಿತ್ ಎಂಬ ಬೇಟೆಗಾರನ ತಂಡ ಸೌತ್ ಪಾಸ್ ಕಣಿವೆಯನ್ನು ದಾಟಿತ್ತು. ಅವರು ಹುಡುಕಿ ಹೊರಟದ್ದು ಬೀವರ್ ಎಂಬ ನೀರುಪ್ರಾಣಿಯ ತುಪ್ಪಳ. ಅದು ಸಾವಿರಾರು ಮೈಲಿ ಸಾಗಿ ಶ್ರೀಮಂತರ ಟೊಪ್ಪಿಗೆಯಾಗುತ್ತಿತ್ತು. 1825ರಿಂದ 1840ರವರೆಗೆ ಬೇಟೆಗಾರರು ವರ್ಷಕ್ಕೊಮ್ಮೆ ಬೆಟ್ಟದ ತಪ್ಪಲಲ್ಲಿ ಸೇರಿ ತುಪ್ಪಳ ಕೊಟ್ಟು ಮದ್ದುಗುಂಡು, ಸಕ್ಕರೆ, ಕಾಫಿ ಕೊಳ್ಳುತ್ತಿದ್ದರು. ಬೀವರ್ ವಿರಳವಾಯಿತು, ರೇಷ್ಮೆ ಟೊಪ್ಪಿಗೆ ಬಂತು, ಆ ಸಂತೆ ಮುಗಿಯಿತು.

ನಮ್ಮ ಸೀಮೆಯ ಬೇಟೆಗಾರನ ವ್ಯವಹಾರ ಹತ್ತಿರದ ಊರುಗಳದ್ದು. ಹಕ್ಕಿ, ಮೊಲ ಕೊಟ್ಟು ಜೋಳ ತರುವುದು. ಹಂದಿ, ಚಿಗರಿ ಪೈರಿಗೆ ಬಿದ್ದಾಗ ರೈತನ ಹೊಲ ಕಾಯುವುದು. ಆದರೂ ಅಮೆರಿಕದ ತುಪ್ಪಳದ ಬೇಟೆಗಾರರ ಮೇಲೆ ಪುಸ್ತಕ, ಸಿನಿಮಾ, ವಸ್ತುಸಂಗ್ರಹಾಲಯಗಳಿವೆ. ನಮ್ಮವರ ಪಾಲಿಗೆ ಬಂದದ್ದು ಪೊಲೀಸ್ ದಾಖಲೆ.

ಸುರೇಬಾನದ ಎರಡು ನೆನಪು

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಗುಡ್ಡಗಳ ನಡುವಿನ ತಣ್ಣನೆಯ ತಾವು, ನೀರಿನ ಹೊಂಡ, ಹಳೆಯ ಕಲ್ಲುಗುಡಿ. ರಾಮನಿಗಾಗಿ ಹಣ್ಣು ಕೂಡಿಟ್ಟು ಕಾದ ಶಬರಿ ಇಲ್ಲಿಯವಳೆಂದು ಜನ ನಂಬುತ್ತಾರೆ. ಈ ಸೀಮೆಯ ಇನ್ನೊಂದು ಬೇಟೆಗಾರ ಸಮುದಾಯವಾದ ಬೇಡರ ಒಡೆಯನ ಮಗಳಾದ ಅವಳು, ತನ್ನ ಮದುವೆಯ ಊಟಕ್ಕೆಂದು ಕೂಡಿಹಾಕಿದ ಪ್ರಾಣಿಗಳನ್ನು ಕಂಡು ಮನೆ ಬಿಟ್ಟಳೆಂಬ ಕಥೆಯೂ ಇದೆ. ಬೇಡರ ಮಗಳೇ ಈ ಕೊಳ್ಳದ ದೇವಿ.

ಇದೇ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ದತ್ತಕಕ್ಕೆ ಬ್ರಿಟಿಷರ ಒಪ್ಪಿಗೆ ಸಿಗದ ಅರಸನ ಸಿಟ್ಟಿನ ಜೊತೆಗೆ, ಆಯುಧ ಒಪ್ಪಿಸಬೇಕೆಂಬ 1857ರ ಕಾಯಿದೆಯೂ ಆ ಬಂಡಾಯದ ಹಿಂದಿತ್ತು. ಅದಕ್ಕೆ ಆರು ತಿಂಗಳ ಮುಂಚೆ ಮುಧೋಳದ ಹಲಗಲಿಯಲ್ಲಿ ಬೇಡರು ಆಯುಧ ಕೊಡೆವೆಂದು ನಿಂತು ಊರನ್ನೇ ಕಳೆದುಕೊಂಡಿದ್ದರು. ಹಿಡಿದವರನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಹುಟ್ಟೇ ಅಪರಾಧವಾದಾಗ

ಅಲೆಮಾರಿ ಬೇಟೆಗಾರರಿಗೆ ದೊಡ್ಡ ಏಟು ಬಿದ್ದದ್ದು ಅಪರಾಧಿ ಬುಡಕಟ್ಟುಗಳ ಕಾಯಿದೆಯಿಂದ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅದು 1911ರ ಕಾಯಿದೆಯ ಮೂಲಕ ಮುಂಬಯಿ ಪ್ರಾಂತಕ್ಕೂ ಬಂತು. ಬೆಳಗಾವಿ ಆಗ ಆ ಪ್ರಾಂತದ ಜಿಲ್ಲೆ. ಇಡೀ ಸಮುದಾಯಗಳ ಹೆಸರು ಬರೆದು, ಹಾಜರಿ ಹಾಕಿಸಿ, ತಂತಿಬೇಲಿಯೊಳಗೆ ಇರಿಸಿದರು. ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ವಸಾಹತುಗಳಿದ್ದವು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯ ಜನ ಇವತ್ತಿಗೂ ಆ ಬಡಾವಣೆಗಳನ್ನು ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಈ ಕಾಯಿದೆ ದೇಶಾದ್ಯಂತ ರದ್ದಾಯಿತು. ಕಳಂಕ ಮಾತ್ರ ಹೋಗಲಿಲ್ಲ. ಕಳವಾದಲ್ಲಿ ಮೊದಲ ಸಂಶಯ ಈ ಗುಡಿಸಲುಗಳ ಮೇಲೆಯೇ.

1972 ಇನ್ನೊಂದು ತಿರುವು. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಚಿಗರಿ ಮತ್ತು ನವಿಲು ಉಳಿಯಲು ಅದು ಬೇಕೇ ಬೇಕಿತ್ತು. ಸುಮಾರು ಅದೇ ಹೊತ್ತಿಗೆ ಸವದತ್ತಿಯ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. 37.73 ಟಿಎಂಸಿ ನೀರು ಹಿಡಿಯುವ ರೇಣುಕಾಸಾಗರ ಒಣಭೂಮಿಗೆ ನೀರು ಕೊಟ್ಟಿತು. ಗಾಯರಾಣ, ಹುಲ್ಲುಗಾವಲು ಹೊಲಗಳಾದವು. ಬೇಟೆಗಾರನ ಕಸುಬು ಹೋಯಿತು, ಅದು ನಡೆಯುತ್ತಿದ್ದ ಬಯಲೂ ಹೋಯಿತು. ಬದಲಿಗೆ ಹೊಲವಾಗಲಿ ಕೆಲಸವಾಗಲಿ ಸಿಗಲಿಲ್ಲ. ಹರಣಶಿಕಾರಿಗಳು ಇಂದು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದರೆ ಒಂದೂರಲ್ಲಿ ನಿಲ್ಲದ ಕುಟುಂಬಕ್ಕೆ ಜಾತಿ ಪ್ರಮಾಣಪತ್ರ, ಪಡಿತರ ಚೀಟಿ ಪಡೆಯುವುದೇ ಒಂದು ಅಲೆದಾಟ.

ಆಗಬೇಕಾದ್ದು

ಬೇಟೆ ಮತ್ತೆ ಬರಬಾರದು. ಆದರೆ ಹೆಜ್ಜೆ ಓದುವ ಕಣ್ಣು, ಕೂಗು ಗುರುತಿಸುವ ಕಿವಿ ಅರಣ್ಯ ಇಲಾಖೆಗೆ ಇಂದು ತೀರಾ ಬೇಕಾದವು. ಮಧ್ಯಪ್ರದೇಶದ ಪನ್ನಾದಲ್ಲಿ ಪಾರ್ಧಿ ಯುವಕರು ಪ್ರವಾಸಿಗರನ್ನು ಕಾಡಿನ ದಾರಿಯಲ್ಲಿ ನಡೆಸಿ, ಗುರುತುಗಳನ್ನು ತೋರಿಸುವ ಮಾರ್ಗದರ್ಶಿಗಳಾಗಿದ್ದಾರೆ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಾಗಳಿಗಾಗಿ ವನ್ಯಧಾಮವಿದೆ. ಅಲ್ಲಿಯೂ, ಸವದತ್ತಿ-ರಾಮದುರ್ಗದ ಗುಡ್ಡಗಳಲ್ಲಿಯೂ ಪ್ರಾಣಿ ಎಣಿಕೆಗೆ, ಕಾವಲಿಗೆ ಈ ಸಮುದಾಯದ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳಬೇಕು. ಕಿತ್ತೂರಿನ ವಸ್ತುಸಂಗ್ರಹಾಲಯದಲ್ಲಿ ಖಡ್ಗಗಳ ಪಕ್ಕದಲ್ಲಿ ಕುದುರೆಗೂದಲಿನ ಒಂದು ಉರುಳಿಗೂ ಜಾಗವಿರಬೇಕು.

ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ. ಆಗ ಬಂದವರು ಕೋಟೆ ನೋಡಿ, ಇನ್ನೊಂದು ದಿನ ಇಟ್ಟುಕೊಂಡು ನವಿಲುತೀರ್ಥ ಮತ್ತು ಶಬರಿಕೊಳ್ಳಕ್ಕೂ ಹೋಗಿ. ದಾರಿಯಲ್ಲಿ ಕೌಜುಗ, ಮೊಲ ಮಾರಲು ಯಾರಾದರೂ ಬಂದರೆ ಕೊಳ್ಳಬೇಡಿ, ಅದು ಅಪರಾಧ. ಮಾರುವವನನ್ನು ಕಳ್ಳನೆಂದು ನೋಡಲೂಬೇಡಿ; ಬೇರೆ ದುಡಿಮೆಯ ದಾರಿಯನ್ನು ಅವನಿಗೆ ನಾವಿನ್ನೂ ಕೊಟ್ಟಿಲ್ಲ.