ಹಣ ಬರುವುದಕ್ಕೆ ಪಿನ್ ಬೇಕಿಲ್ಲ



ಸಂಘದ ಕಳೆದ ಮಹಾಸಭೆಯ ದಿನ ಊಟದ ಸಾಲಿನಲ್ಲಿ ನಿಂತು ನಾಲ್ಕೈದು ಸದಸ್ಯರೊಡನೆ ಮಾತಾಡುವಾಗ ಒಂದು ವಿಷಯ ತಿಳಿಯಿತು. ಫೋನಿನ ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡವರು ನಾವೊಬ್ಬರೇ ಅಲ್ಲ. ಆದರೆ ಅಲ್ಲಿಯವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. "ಇಷ್ಟು ವರ್ಷ ಗಲ್ಲಾದಲ್ಲಿ ಕೂತವರಿಗೆ ಇಷ್ಟೂ ಗೊತ್ತಾಗಲಿಲ್ಲವೇ" ಎಂದು ನಾಲ್ಕು ಜನ ನಗುತ್ತಾರೆ ಎಂಬ ನಾಚಿಕೆ. ಈ ನಾಚಿಕೆಯೇ ಕಳ್ಳನಿಗೆ ಬಂಡವಾಳ. ಆದ್ದರಿಂದ ನಮ್ಮ ಕಥೆಯನ್ನು ನಾವೇ ಮೊದಲು ಹೇಳಿಬಿಡುತ್ತೇವೆ. ನಗುವವರು ನಗಲಿ, ನಕ್ಕ ಮೇಲೆ ಪೂರ್ತಿ ಓದಲಿ.

ನಾವು ಹತ್ತನೇ ಇಯತ್ತೆ ಮುಗಿಸಿ ಊರು ಬಿಟ್ಟು ಪುಣೆಗೆ ಬಂದವರು. ಕಪ್ಪು ಬಸಿ ತೊಳೆದು, ಟೇಬಲ್ ಒರೆಸಿ, ಆಮೇಲೆ ಗಲ್ಲಾಕ್ಕೆ ಬಂದವರು. ಹರಿದ ನೋಟು, ಖೋಟಾ ನೋಟು, ತಿಂದು ಬಿಲ್ಲು ಕೊಡದೆ ಓಡುವ ಗಿರಾಕಿ ಎಲ್ಲವನ್ನೂ ನೋಡಿದ್ದೇವೆ. ಅದರಿಂದ ನಮ್ಮನ್ನು ಯಾರೂ ಮೋಸ ಮಾಡಲಾರರು ಎಂಬ ಧೈರ್ಯ ನಮಗಿತ್ತು.

ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫೋನು ಬಂತು. ಒಳ್ಳೆಯ ಹಿಂದಿ, ಗಟ್ಟಿ ದನಿ. "ಖಡಕಿಯ ಆರ್ಮಿ ಕ್ಯಾಂಪಿನಿಂದ ಮಾತಾಡುತ್ತಿದ್ದೇನೆ. ಸಂಜೆ ನಾಲ್ಕೂವರೆಗೆ ಜವಾನರಿಗೆ 120 ಪ್ಲೇಟು ಪೂರಿ-ಭಾಜಿ ಪಾರ್ಸೆಲ್ ಬೇಕು. ನಮ್ಮ ಗಾಡಿ ಬರುತ್ತದೆ" ಎಂದ. ಪ್ಲೇಟಿಗೆ 85 ರೂಪಾಯಿ ಹೇಳಿದೆವು, ಒಪ್ಪಿದ. ಸಂಶಯ ಬರಬೇಕಾಗಿದ್ದದ್ದೇ ಅಲ್ಲಿ. 120 ಪ್ಲೇಟಿನ ಆರ್ಡರು ಕೊಟ್ಟು ಚೌಕಾಶಿ ಮಾಡದ ಗಿರಾಕಿಯನ್ನು ನಾವು ಮೂವತ್ತು ವರ್ಷದಲ್ಲಿ ಕಂಡಿಲ್ಲ. ಆದರೆ ಸೈನ್ಯದವರು ಎಂದ ಕೂಡಲೇ ನಮಗೆ ಗೌರವ. ವಾಟ್ಸಾಪಿನಲ್ಲಿ ಯೂನಿಫಾರ್ಮಿನ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು ಎಲ್ಲ ಕಳುಹಿಸಿದ. ಅಡ್ವಾನ್ಸ್ ಕೇಳಿದರೆ "ಮಾಲು ತಯಾರಾಗಲಿ, ಒಮ್ಮೆಗೇ ಪೂರ್ತಿ ಹಾಕುತ್ತೇನೆ" ಎಂದ.

ಭಟ್ರು ಹಿಟ್ಟು ಕಲಸಿದರು. ನಾಲ್ಕು ಗಂಟೆಗೆ ಪ್ಯಾಕಿಂಗ್ ನಡೆಯುತ್ತಿರುವಾಗ ಮತ್ತೆ ಫೋನು. "ಗಾಡಿ ಹೊರಟಿದೆ. ಹಣ ಈಗಲೇ ಹಾಕುತ್ತೇನೆ. ನಮ್ಮ ಖಾತೆಯ ಪದ್ಧತಿ ಬೇರೆ. ನಾನು ಕಳುಹಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ, ಮೊದಲು ಐದು ರೂಪಾಯಿ ಹಾಕಿ ನೋಡಿ" ಎಂದ. ಐದು ಹಾಕಿದೆವು, ಹತ್ತು ಬಂತು. ಆ ಹತ್ತು ರೂಪಾಯಿ ಗಾಳಕ್ಕೆ ಚುಚ್ಚಿದ ಎರೆಹುಳ ಎಂದು ಆಗ ಹೊಳೆಯಲಿಲ್ಲ. "ಸರಿ, ಈಗ ಬಿಲ್ಲಿನ ಮೊತ್ತ ಹಾಕಿ" ಎಂದ. 10,200 ಒತ್ತಿ ಪಿನ್ ಹಾಕಿದೆವು. ವಾಪಸು ಬರಲಿಲ್ಲ. "ಸರ್ವರಿನಲ್ಲಿ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಮಾಡಿ, ಎರಡೂ ಒಟ್ಟಿಗೆ ಬರುತ್ತದೆ" ಎಂದ. ಇನ್ನೊಮ್ಮೆ ಮಾಡಿದೆವು. ಒಂದು ಕಡೆ ಅವನು ಫೋನು ಇಡಲು ಬಿಡುವುದಿಲ್ಲ, ಇನ್ನೊಂದು ಕಡೆ ಒಳಗಿನಿಂದ ಪ್ಯಾಕಿಂಗಿನ ಗಲಾಟೆ. ಮೂರನೆಯ ಸಲ ಪಿನ್ ಹಾಕಲು ಹೊರಟಾಗ ಪಕ್ಕದಲ್ಲಿ ನಿಂತಿದ್ದ ನಮ್ಮ ಕ್ಯಾಶಿಯರ್ ಹುಡುಗ ಮೆಲ್ಲನೆ ಕೇಳಿದ: "ಅಣ್ಣಾ, ಹಣ ಬರುವುದು ನಮಗಲ್ಲವಾ? ಮತ್ತೆ ಪಿನ್ ಯಾಕೆ ಹಾಕ್ತೀರಿ?"

ಅಷ್ಟೇ. ಕೈಕಾಲು ತಣ್ಣಗಾಯಿತು. 20,400 ರೂಪಾಯಿ ಹೋಗಿತ್ತು. ಗಾಡಿ ಬರಲಿಲ್ಲ, ಆ ನಂಬರು ಆಮೇಲೆ ಹತ್ತಲಿಲ್ಲ. ಪೂರಿಯನ್ನು ಎದುರಿನ ಕಟ್ಟಡದ ಕೆಲಸದವರಿಗೆ ಹಂಚಿದೆವು. ಸೈನ್ಯದವರದ್ದು ಇದರಲ್ಲಿ ಏನೂ ತಪ್ಪಿಲ್ಲ. ನಾವು ಗೌರವ ಕೊಡುವ ಹೆಸರನ್ನು ಹುಡುಕಿಯೇ ಕಳ್ಳ ಬಳಸುತ್ತಾನೆ.

ಆ ಹುಡುಗನ ವಿಷಯ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಎರಡು ತಿಂಗಳ ಹಿಂದೆ ಒಂದು ಕುಟುಂಬ ಊಟ ಮಾಡಿ, ಹಣ ಹಾಕಿದ ಹಾಗೆ ಮೊಬೈಲಿನ ಪರದೆ ತೋರಿಸಿ ಹೋಗಿತ್ತು. ಹಣ ಬಂದಿರಲಿಲ್ಲ. "ಕಣ್ಣಿಲ್ಲವಾ ನಿನಗೆ" ಎಂದು ಎಲ್ಲರೆದುರು ಬೈದು ಅವನ ಪಗಾರದಲ್ಲಿ 1,460 ರೂಪಾಯಿ ಮುರಿದಿದ್ದೆವು. ಈಗ 20,400 ಕಳೆದ ನಮ್ಮ ಪಗಾರ ಮುರಿಯುವವರು ಯಾರು? ಆ ರಾತ್ರಿ ಅವನ ಮುಖ ನೋಡಲು ಆಗಲಿಲ್ಲ. ಮುಂದಿನ ಪಗಾರದ ದಿನ 1,460 ವಾಪಸು ಕೊಟ್ಟೆವು. "ಬೇಡ ಅಣ್ಣಾ" ಎಂದ. ಜೇಬಿಗೆ ಹಾಕಿಯೇ ಬಿಟ್ಟೆವು.

ನಮ್ಮನ್ನೇ ಯಾಕೆ ಹುಡುಕುತ್ತಾರೆ?

ಆಮೇಲೆ ಕೂತು ಯೋಚಿಸಿದೆವು. ನಮ್ಮ ಧಂದೆಯ ಗುಣವೇ ಕಳ್ಳನಿಗೆ ಅನುಕೂಲ. ಬಂದ ಆರ್ಡರು ಬಿಡಬಾರದು, ಗಿರಾಕಿಯನ್ನು ಪ್ರಶ್ನೆ ಕೇಳಿ ಬೇಸರ ಪಡಿಸಬಾರದು, ಬೇಗ ಬೇಗ ಕೊಡಬೇಕು. ಇದನ್ನೇ ಹಿರಿಯರು ನಮಗೆ ಕಲಿಸಿದ್ದು. ಈ ಮೂರನ್ನೂ ಹಿಡಿದೇ ಅವನು ಎಳೆಯುತ್ತಾನೆ. ಫೋನು ಬರುವುದೂ ಪ್ಯಾಕಿಂಗಿನ ಹೊತ್ತಿಗೋ ಊಟದ ಗಡಿಬಿಡಿಗೋ.

ಇನ್ನೊಂದು: "ನಮ್ಮ ಹೆಸರು, ಲೈಸೆನ್ಸ್ ನಂಬರು ಎಲ್ಲ ಹೇಳಿದ, ಅದಕ್ಕೇ ನಂಬಿದೆ" ಎಂದು ಒಬ್ಬ ಸದಸ್ಯರು ಹೇಳಿದರು. ಅವರಿಗೆ ಬಂದದ್ದು ಫುಡ್ ಆಫೀಸರ್ ಎಂದು ಹೇಳಿಕೊಂಡವನ ಫೋನು. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರನ್ನು ನಾವೇ ಗೋಡೆಗೆ ತೂಗು ಹಾಕಿದ್ದೇವೆ, ಬಿಲ್ಲಿನಲ್ಲೂ ಅಚ್ಚು ಹಾಕಿಸಿದ್ದೇವೆ. ಜಿಎಸ್‌ಟಿ ನಂಬರು ಸಿಕ್ಕಿದರೆ ಮಾಲೀಕರ ಹೆಸರು ಜಿಎಸ್‌ಟಿ ಪೋರ್ಟಲ್‌ನಲ್ಲಿಯೇ ಕಾಣುತ್ತದೆ. ಒಂದು ಚಹಾ ಕುಡಿದು ಹೋದವನಿಗೂ ಇದೆಲ್ಲ ಗೊತ್ತಾಗುತ್ತದೆ. ಗೊತ್ತಿದೆ ಎಂದ ಮಾತ್ರಕ್ಕೆ ಆಫೀಸರ್ ಆಗುವುದಿಲ್ಲ. ಲೈಸೆನ್ಸಿನ ಫೀ ಕಟ್ಟುವುದು ಫಾಸ್ಕಾಸ್ ಪೋರ್ಟಲ್‌ನಲ್ಲಿ, ಯಾರದೋ ಮೊಬೈಲ್ ನಂಬರಿಗೆ ಅಲ್ಲ.

ನಾಚಿಕೆ ಬಿಡಿ, 1930ಕ್ಕೆ ಫೋನು ಮಾಡಿ

ನಾವು ಮಾಡಿದ ದೊಡ್ಡ ತಪ್ಪು ಪಿನ್ ಹಾಕಿದ್ದಲ್ಲ. ಹಾಕಿದ ಮೇಲೆ ಸುಮ್ಮನೆ ಕೂತದ್ದು. ಮನೆಯಲ್ಲೂ ಹೇಳದೆ ಭಾನುವಾರ ಕಳೆದೆವು. ಸೋಮವಾರ ಬ್ಯಾಂಕಿಗೆ ಹೋದಾಗ, ಹಣ ಆ ಖಾತೆಯಿಂದ ಬೇರೆ ಖಾತೆಗಳಿಗೆ ಹೋಗಿ ಆಗಿದೆ ಎಂದರು. ಒಂದು ರೂಪಾಯಿಯೂ ಬರಲಿಲ್ಲ.

ಇದಕ್ಕೆಂದೇ ಕೇಂದ್ರ ಗೃಹ ಇಲಾಖೆಯ ಸಹಾಯವಾಣಿ ಇದೆ, ನಂಬರು 1930. ದೇಶದ ಯಾವ ಮೂಲೆಯಿಂದಲೂ ಮಾಡಬಹುದು. ಹಣ ಹೋದ ವಿವರ, ವ್ಯವಹಾರದ ನಂಬರು ಕೊಟ್ಟರೆ ಹಣ ಹೋದ ಬ್ಯಾಂಕಿಗೆ ಕೂಡಲೇ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ನಮ್ಮ ಪರಿಚಯದ ಇನ್ನೊಬ್ಬ ಹೊಟೇಲಿನವರು ಇದೇ ರೀತಿ 9,000 ಕಳೆದುಕೊಂಡು ಇಪ್ಪತ್ತು ನಿಮಿಷದೊಳಗೆ 1930ಕ್ಕೆ ಮಾಡಿದ್ದರು. ಅದರಲ್ಲಿ 6,000 ತಡೆಹಿಡಿಯಲಾಯಿತು. ಅವರಿಗೂ ನಮಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಫೋನು ಮಾಡಿದ ಹೊತ್ತಿನಲ್ಲಿ ವ್ಯತ್ಯಾಸ.

ಬ್ಯಾಂಕಿಗೂ ಕೂಡಲೇ ಹೇಳಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗ್ರಾಹಕನದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ ಎಂದು ಹೇಳಿತು. ನಾವೇ ಪಿನ್, ಓಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು ಎಂದೂ ಹೇಳಿತು. ಆದ್ದರಿಂದ ತಡ ಮಾಡಿದಷ್ಟೂ ನಷ್ಟ ನಮಗೇ.

ಬೇರೆ ಬೇರೆ ವೇಷಗಳು

2025ರ ಅಕ್ಟೋಬರ್ 1ರಿಂದ ಯುಪಿಐಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ "ಹಣ ಕೊಡಿ" ಎಂದು ಕೋರಿಕೆ ಕಳುಹಿಸುವ ಸೌಲಭ್ಯವನ್ನು ಎನ್‌ಪಿಸಿಐ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು, ಒಳ್ಳೆಯದೇ. ಆದರೆ ಕ್ಯೂಆರ್ ಕಳುಹಿಸಿ ನಮ್ಮಿಂದಲೇ ಪಿನ್ ಹಾಕಿಸುವ ಬಾಗಿಲು ನಮ್ಮ ಕೈಯಲ್ಲಿಯೇ ಇದೆ. ಅದನ್ನು ನಾವೇ ಮುಚ್ಚಬೇಕು.

ಗಲ್ಲಾದ ಮೇಲಿನ ಕ್ಯೂಆರ್ ಚೀಟಿಯನ್ನು ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೋಡಿ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಮೇಲೆ ಕಳ್ಳರು ತಮ್ಮ ಕ್ಯೂಆರ್ ಅಂಟಿಸಿ ಹೋದರು. ಗಿರಾಕಿಗಳು ಕೊಟ್ಟ ಹಣ ಕಳ್ಳರ ಖಾತೆಗೆ ಹೋಯಿತು. ನಾವು ಈಗ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಒಂದು ರೂಪಾಯಿ ಹಾಕಿ ಹೆಸರು ನಮ್ಮದೇ ಬರುತ್ತದೆಯೇ ಎಂದು ನೋಡುತ್ತೇವೆ.

ಕೇಟರಿಂಗಿನವರು ಇದನ್ನು ಮುಖ್ಯವಾಗಿ ಗಮನಿಸಬೇಕು. ವಾಟ್ಸಾಪಿನಲ್ಲಿ ಮದುವೆ ಕಾಗದ ಎಂದು ಒಂದು ಫೈಲು ಬರುತ್ತದೆ. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಕಾಗದವಲ್ಲ, ಒಂದು ಆಪ್. ಅದನ್ನು ಹಾಕಿಕೊಂಡರೆ ಮೊಬೈಲಿಗೆ ಬರುವ ಓಟಿಪಿ ಕಳ್ಳನ ಕೈಗೆ ಹೋಗಬಹುದು. ಮದುವೆ ಕಾಗದ ಎಂದರೆ ನಮಗೆ ಆರ್ಡರು, ಆಸೆಯಿಂದ ಒತ್ತಿಬಿಡುತ್ತೇವೆ. ಫೋಟೋ ಅಥವಾ ಪಿಡಿಎಫ್ ಕಳುಹಿಸಿ ಎಂದು ಹೇಳಿ. ನಿಜವಾದ ಗಿರಾಕಿ ಕಳುಹಿಸುತ್ತಾನೆ.

ಇನ್ನು "ಡಿಜಿಟಲ್ ಅರೆಸ್ಟ್". ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷ ಹಾಕಿ, ಕೇಸಿದೆ, ಫೋನು ಇಡಬೇಡಿ ಎಂದು ಹೆದರಿಸುತ್ತಾರೆ. ಅಂಥ ಅರೆಸ್ಟ್ ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಪ್ರಧಾನಿಯವರೂ ಇದನ್ನೇ ಹೇಳಿದರು. ಊರಿನಲ್ಲಿ ಒಂಟಿಯಾಗಿರುವ ನಮ್ಮ ತಂದೆತಾಯಿಗಳ ಖಾತೆಯಲ್ಲಿ ನಾವು ಕಳುಹಿಸಿದ ಹಣ ಇರುತ್ತದೆ. ಈ ವಾರ ಊರಿಗೆ ಫೋನು ಮಾಡಿದಾಗ ಮಳೆ ಬೆಳೆ ಕೇಳಿದ ಮೇಲೆ ಇದನ್ನೂ ಒಂದು ಮಾತು ಹೇಳಿ.

ಗಿರಾಕಿಯ ಕಾರ್ಡು ನಮ್ಮ ಜವಾಬ್ದಾರಿ

ಮೋಸ ಹೋಗದಿರುವುದು ಎಷ್ಟು ಮುಖ್ಯವೋ, ನಮ್ಮ ಹೊಟೇಲಿನಲ್ಲಿ ಗಿರಾಕಿಗೆ ಮೋಸ ಆಗದಿರುವುದೂ ಅಷ್ಟೇ ಮುಖ್ಯ. ಗಿರಾಕಿ ಬಿಲ್ಲಿನ ಪುಸ್ತಕದಲ್ಲಿ ಕಾರ್ಡು ಇಟ್ಟು, ವೇಟರನ ಕಿವಿಯಲ್ಲಿ ಪಿನ್ ಹೇಳುವುದು ನಮ್ಮಲ್ಲಿ ನಡೆದುಬಂದ ಅಭ್ಯಾಸ. ಇದನ್ನು ನಾವೇ ನಿಲ್ಲಿಸಬೇಕು. ಮಶೀನನ್ನು ಟೇಬಲ್ಲಿಗೆ ಒಯ್ಯಬೇಕು, ಇಲ್ಲವಾದರೆ ಗಿರಾಕಿಯನ್ನು ಗಲ್ಲಾಕ್ಕೆ ಕರೆಯಬೇಕು. ಪಿನ್ ಅವರೇ ಒತ್ತಲಿ, ನಮ್ಮ ಹುಡುಗ ಮುಖ ತಿರುಗಿಸಲಿ. ಕಾರ್ಡಿನ ಕಪ್ಪು ಪಟ್ಟಿಯನ್ನು ನಕಲು ಮಾಡುವ ಸ್ಕಿಮ್ಮರ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಚಿಪ್ ಇಲ್ಲದ ಹಳೆಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಇದೇ ಭಯದಿಂದ. ಕಾರ್ಡು ಗಿರಾಕಿಯ ಕಣ್ಣಿನಿಂದ ಮರೆಯಾಗದಿದ್ದರೆ ನಾಳೆ ಯಾರೂ ನಮ್ಮ ಹುಡುಗರ ಮೇಲೆ ಸಂಶಯ ಪಡುವುದಿಲ್ಲ.

ನಮ್ಮ ಸ್ವಂತ ಕಾರ್ಡಿನ ಎರಡೂ ಬದಿಯ ಫೋಟೋವನ್ನು "ಅಡ್ವಾನ್ಸ್ ಹಾಕಲು" ಎಂದು ಯಾರು ಕೇಳಿದರೂ ಕೊಡಬೇಡಿ. ವಿದೇಶಿ ಬಳಕೆ, ಆನ್‌ಲೈನ್ ಬಳಕೆ ಬೇಡವಾದಾಗ ಬ್ಯಾಂಕಿನ ಆಪಿನಲ್ಲಿ ಬಂದ್ ಮಾಡಿಡಬಹುದು. ಈ ಸೌಲಭ್ಯ 2020ರ ಅಕ್ಟೋಬರಿನಿಂದ ಇದೆ.

ಕೊನೆಯದಾಗಿ, ನಮ್ಮ ಗಲ್ಲಾದ ಹಿಂದೆ ನಾವು ಅಂಟಿಸಿದ ಚೀಟಿಯನ್ನು ಇಲ್ಲಿ ಕೊಡುತ್ತೇವೆ. ಈಗ ಕೆಲಸಕ್ಕೆ ಊರಿನ ಹುಡುಗರಿಗಿಂತ ಬಿಹಾರ, ಒಡಿಶಾ, ನೇಪಾಳದವರೇ ಹೆಚ್ಚು. ಆದ್ದರಿಂದ ಹಿಂದಿಯಲ್ಲೂ ಬರೆದಿದ್ದೇವೆ.

1. ಹಣ ಬರುವುದಕ್ಕೆ ಪಿನ್, ಓಟಿಪಿ, ಸ್ಕ್ಯಾನ್ ಯಾವುದೂ ಬೇಕಿಲ್ಲ. ಕೇಳಿದವನು ಕಳ್ಳ.
2. ಗಿರಾಕಿಯ ಮೊಬೈಲ್ ನೋಡಬೇಡ. ನಮ್ಮ ಸೌಂಡ್ ಬಾಕ್ಸ್ ಕೂಗಿತೇ, ನಮ್ಮ ಮೊಬೈಲಿಗೆ ಬಂತೇ ನೋಡು.
3. ಫೋನಿನ ದೊಡ್ಡ ಆರ್ಡರಿಗೆ ಅಡ್ವಾನ್ಸ್ ಖಾತೆಗೆ ಬಂದ ಮೇಲೆಯೇ ಒಲೆ ಹಚ್ಚುವುದು.
4. ಅವಸರ ಮಾಡಿದವನ ಫೋನು ಇಟ್ಟುಬಿಡು. ಧಣಿಯೇ ಮಾತಾಡುತ್ತಿದ್ದರೂ ತಡೆದು ಕೇಳು.
5. ತಪ್ಪಾದರೆ ಕೂಡಲೇ 1930. ಹೇಳಿದವನ ಪಗಾರ ಮುರಿಯುವುದಿಲ್ಲ.

ಐದನೆಯದನ್ನು ಬರೆಸಿದ್ದು ಬಹಳ ಯೋಚಿಸಿ. ಬೈಯುತ್ತಾರೆ, ಪಗಾರ ಮುರಿಯುತ್ತಾರೆ ಎಂಬ ಹೆದರಿಕೆ ಇದ್ದರೆ ಹುಡುಗ ತಪ್ಪನ್ನು ಮುಚ್ಚಿಡುತ್ತಾನೆ, ನಾವು ಭಾನುವಾರ ಪೂರ್ತಿ ಮುಚ್ಚಿಟ್ಟ ಹಾಗೆ. ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನಿಗೆ ಲಾಭ. ಆ ದಿನ ನಮ್ಮ ಹುಡುಗ ಹೆದರಿ ಸುಮ್ಮನಿದ್ದಿದ್ದರೆ ಮೂರನೆಯ 10,200 ಕೂಡ ಹೋಗುತ್ತಿತ್ತು.

ಸದಸ್ಯ ಬಾಂಧವರು ಈ ಚೀಟಿಯನ್ನು ತಮ್ಮ ಗಲ್ಲಾದಲ್ಲೂ ಅಂಟಿಸಬೇಕು, ತಮ್ಮ ಅನುಭವವನ್ನು ಮುಂದಿನ ಸಭೆಯಲ್ಲಿ ನಾಚಿಕೆ ಬಿಟ್ಟು ಹೇಳಬೇಕು ಎಂದು ವಿನಂತಿ.