ರೇವನ್ನು ಎಂದು ಸೇರಬೇಕು?

ಸಮುದ್ರತೀರದಿಂದ ನೂರಾರು ಮೈಲಿ ಒಳಗಿರುವ ನಮ್ಮ ನಾಯಂಡಹಳ್ಳಿಯಲ್ಲಿ ಕುಳಿತು ಹಡಗಿನ ಮಾತನ್ನಾಡುವುದು ಹಿಂದಿನ ಕಾಲದಲ್ಲಿ ನಗೆಗೀಡಾಗುತ್ತಿದ್ದಿತು. ನಮಗೆ ಪರಿಚಿತವಾದ ಪ್ರವಾಹವೆಂದರೆ ವೃಷಭಾವತಿ ಒಂದೇ. ಅದರ ಈಗಿನ ಸ್ಥಿತಿಯನ್ನು ವರ್ಣಿಸದಿರುವುದೇ ಲೇಸು. ಆದರೆ ಕಾಲವು ಬೇರೆಯಾಗಿದೆ. ೨೦೨೧ನೆಯ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದಲೂ, ೨೦೨೨ನೆಯ ಜೂನ್ ೪ರಂದು ಚೆನ್ನೈಯಿಂದಲೂ ‘ಎಂಪ್ರೆಸ್’ ಎಂಬ ವಿಹಾರನೌಕೆಯು ಸಂಚಾರವನ್ನಾರಂಭಿಸಿದ ಮೇಲೆ, ‘ಕ್ರೂಸ್’ ಎಂಬುದು ನಮ್ಮ ಮನೆಗಳಲ್ಲಿಯೂ ಬಳಕೆಯ ಮಾತಾಗಿದೆ. ತಂದೆಯ ಷಷ್ಟ್ಯಬ್ದಿಗೆಂದು ಮಕ್ಕಳು ಟಿಕೆಟ್ಟು ಕೊಳ್ಳುವರು. ಅಮೆರಿಕದಲ್ಲಿರುವ ಮಗಳು ತಾಯಿಯನ್ನು ಕರೆಸಿಕೊಂಡು ಮಯಾಮಿಯ ರೇವಿನಿಂದ ಹಡಗು ಹತ್ತಿಸುವಳು. ಜನ್ಮದಲ್ಲಿ ಒಮ್ಮೆ ಒದಗುವ ಭಾಗ್ಯವೆಂದು ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಎದುರುನೋಡುವರು.

ಹೀಗೆ ಹೊರಡುವವರು ಕೇಳುವ ಪ್ರಶ್ನೆಗಳು ಹಲವು. ಸಸ್ಯಾಹಾರ ದೊರೆಯುವುದೆ? ಅಲೆಗಳ ಓಲಾಟಕ್ಕೆ ತಲೆ ತಿರುಗುವುದೆ? ಇವೆಲ್ಲ ಕೇಳತಕ್ಕವೇ ಸರಿ. ಆದರೆ ಇವೆಲ್ಲಕ್ಕೂ ಮೊದಲು ಕೇಳಬೇಕಾದುದೊಂದುಂಟು: ಹಡಗು ಹೊರಡುವ ರೇವನ್ನು ನಾವು ಎಂದು ಸೇರಬೇಕು? ಈ ವಿಷಯದಲ್ಲಿ ಮನೆಗಳಲ್ಲಿ ಎರಡು ಪಕ್ಷಗಳು ಏಳುವುವು. “ಹಡಗು ಹೊರಡುವುದು ಸಂಜೆಗೆ, ಅಂದಿನ ಬೆಳಗಿನ ಗಾಡಿಗೆ ಹೋದರೆ ಸಾಕು” ಎನ್ನುವರು ಕಿರಿಯರು. “ಎರಡು ದಿನ ಮುಂಚೆಯೇ ಹೋಗಿ ಕುಳಿತುಬಿಡೋಣ” ಎನ್ನುವರು ಹಿರಿಯರು. ಇಬ್ಬರೂ ಲೆಕ್ಕ ಹಾಕುವುದು ಗಂಟೆಗಳನ್ನು. ನಮ್ಮ ಅಭಿಪ್ರಾಯದಲ್ಲಿ ಎಣಿಸತಕ್ಕದ್ದು ಗಂಟೆಗಳನ್ನಲ್ಲ, ವಾಹನಗಳನ್ನು. ಇದನ್ನೇ ಈ ಲೇಖನದಲ್ಲಿ ವಿವರಿಸಲೆಳಸಿದ್ದೇವೆ.

ಮೊದಲಿಗೆ ಹಡಗಿನ ಸ್ವಭಾವವನ್ನು ಅರಿಯಬೇಕು. ಮೈಸೂರು ರಸ್ತೆಯಲ್ಲಿ ಒಂದು ಬಸ್ಸು ತಪ್ಪಿದರೆ ಹತ್ತು ನಿಮಿಷದಲ್ಲಿ ಮತ್ತೊಂದು ಬರುವುದು. ರೈಲು ತಪ್ಪಿದರೆ ಮರುದಿನವಾದರೂ ಅದೇ ರೈಲು ಉಂಟು. ವಿಹಾರನೌಕೆ ಹಾಗಲ್ಲ. ಅದು ಹೋದರೆ ಹೋಯಿತು. ಮುಂದಿನ ಯಾತ್ರೆಗೆ ಹೊಸ ಹಣ, ಹೊಸ ರಜೆ, ಹೊಸ ಯೋಗ ಕೂಡಿಬರಬೇಕು. ರೇವಿಗೆ ಬಾರದೆ ಹೋದವರಿಗೆ ಹಣವನ್ನು ಹಿಂದಿರುಗಿಸುವ ಪದ್ಧತಿ ಹಡಗಿನ ವ್ಯವಹಾರದಲ್ಲಿ ಸಾಮಾನ್ಯವಾಗಿ ಇಲ್ಲ. ನಾಲ್ಕು ಜನರಿಗಾಗಿ ಸಾಕು? ಐದು ನಿಮಿಷ ಕಾಯಬಾರದೆ? ಎಂದು ಕೆಲವರು ಕೇಳಬಹುದು. ಹಡಗನ್ನು ರೇವಿನಿಂದ ಹೊರಕ್ಕೆ ನಡೆಸುವ ಪೈಲಟ್ಟಿಗೂ, ಅದನ್ನು ಎಳೆದು ತಿರುಗಿಸುವ ಟಗ್ ದೋಣಿಗಳಿಗೂ ಗಳಿಗೆ ಗೊತ್ತಾಗಿರುವುದು. ಅದು ನಿಂತ ಕಟ್ಟೆಗೆ ಮತ್ತೊಂದು ಹಡಗು ಬರಬೇಕಾಗಿರಬಹುದು. ಮುಂದಿನ ರೇವಿನಲ್ಲಿಯೂ ಇಷ್ಟು ಹೊತ್ತಿಗೆಂದು ಸ್ಥಳ ಕಾದಿರಿಸಿರುವುದು. ಸಾವಿರಾರು ಜನರ ಏರ್ಪಾಟು ನಾಲ್ವರಿಗಾಗಿ ಕದಲಲಾರದು. ಸಮುದ್ರವ್ಯಾಪಾರಿಗೆ ಅಮರಕೋಶದಲ್ಲಿ ‘ಸಾಂಯಾತ್ರಿಕ’ ಎಂಬ ಹೆಸರುಂಟು. ‘ಸಂಯಾತ್ರಾ’ ಎಂದರೆ ಕೂಡಿ ಮಾಡುವ ಪ್ರಯಾಣ. ಕೂಡಿ ಹೋಗುವವರು ಒಬ್ಬನಿಗಾಗಿ ನಿಲ್ಲುವುದು ಅಂದೂ ಸಾಧ್ಯವಿರಲಿಲ್ಲ, ಇಂದೂ ಸಾಧ್ಯವಿಲ್ಲ.

ಎರಡನೆಯದಾಗಿ, ಟಿಕೆಟ್ಟಿನಲ್ಲಿ ಕಾಣುವ ಹೊರಡುವ ಹೊತ್ತು ನಮ್ಮ ಹೊತ್ತಲ್ಲ. ಹತ್ತತಕ್ಕ ಹೊತ್ತು, ಬಾಗಿಲು ಮುಚ್ಚುವ ಹೊತ್ತು, ಹಡಗು ಚಲಿಸುವ ಹೊತ್ತು ಎಂದು ಮೂರುಂಟು. ಇವುಗಳಲ್ಲಿ ಗೃಹಸ್ಥನು ಕೆಂಪು ಶಾಯಿಯಿಂದ ಗುರುತು ಹಾಕಿಕೊಳ್ಳತಕ್ಕದ್ದು ನಡುವಣದನ್ನು. ಚಲಿಸುವುದಕ್ಕೆ ಒಂದು ಗಂಟೆಯಿಂದ ಕೆಲವು ಗಂಟೆಗಳಷ್ಟು ಮುಂಚೆಯೇ ಬಾಗಿಲು ಮುಚ್ಚುವುದು. ಇದು ಹಡಗು ಹಡಗಿಗೆ ಭೇದವಾಗುವುದರಿಂದ ಟಿಕೆಟ್ಟನ್ನೇ ಓದಿ ತಿಳಿಯಬೇಕು. ಅಮೆರಿಕದ ರೇವುಗಳಲ್ಲಿಯಂತೂ ಪ್ರಯಾಣಿಕರ ಪಟ್ಟಿಯನ್ನು ಹಡಗು ಹೊರಡುವುದಕ್ಕೆ ೬೦ ನಿಮಿಷ ಮೊದಲೇ ಸರಕಾರಕ್ಕೆ ಒಪ್ಪಿಸಬೇಕೆಂಬ ಕಟ್ಟಳೆಯುಂಟು. ಆ ಮೇಲೆ ಬಂದವನು, ಹಡಗು ಕಣ್ಣೆದುರಿಗೇ ನಿಂತಿದ್ದರೂ, ಅದನ್ನು ನೋಡಿ ಹಿಂದಿರುಗಬೇಕಾದುದೇ.

“ತಪ್ಪಿದರೆ ಮುಂದಿನ ರೇವಿನಲ್ಲಿ ಹತ್ತಿಕೊಳ್ಳೋಣ” ಎಂಬ ಸಮಾಧಾನವೂ ಬಲವಾದುದಲ್ಲ. ೨೦೨೩ನೆಯ ಜೂನ್ ೫ರಂದು ಚೆನ್ನೈಯಿಂದ ಶ್ರೀಲಂಕೆಗೂ ವಿಹಾರನೌಕೆ ಹೊರಟಿತು. ಅಂಥ ಯಾತ್ರೆಯಲ್ಲಿ ಮುಂದಿನ ರೇವೆಂದರೆ ಪರದೇಶ. ಅಲ್ಲಿಗೆ ಪ್ರತ್ಯೇಕವಾಗಿ ವಿಮಾನದ ಟಿಕೆಟ್ಟು ಬೇಕು, ಪ್ರವೇಶಕ್ಕೆ ಅನುಮತಿ ಬೇಕು. ಅಮೆರಿಕದಲ್ಲಿ, ಪರದೇಶದ ಬಾವುಟವನ್ನು ಹಾರಿಸುವ ಹಡಗುಗಳು ಆ ದೇಶದ ಒಂದು ರೇವಿನಿಂದ ಮತ್ತೊಂದು ರೇವಿಗೆ ಜನರನ್ನು ಸಾಗಿಸಬಾರದೆಂಬ ೧೮೮೬ನೆಯ ಕಾನೂನು ಇಂದಿಗೂ ಜಾರಿಯಲ್ಲಿದ್ದು, ನಡುದಾರಿಯಲ್ಲಿ ಹತ್ತುವವರಿಗೆ ಅನೇಕ ವೇಳೆ ಅಡ್ಡ ಬರುವುದು.

ಹಿಂದಿನವರಿಗೆ ಈ ಚಿಂತೆ ಇಷ್ಟಿರಲಿಲ್ಲ. ಅದಕ್ಕೆ ಕಾರಣವುಂಟು. ೧೯೧೪ರಲ್ಲಿ ಪಾಂಬನ್ ಸೇತುವೆಯಾದ ಮೇಲೆ ಮದರಾಸಿನಿಂದ ಧನುಷ್ಕೋಟಿಗೆ ‘ಬೋಟ್ ಮೇಲ್’ ಎಂಬ ರೈಲು ಹೋಗುತ್ತಿದ್ದಿತು. ರೈಲಿನಿಂದ ಇಳಿದವರು ಧನುಷ್ಕೋಟಿಯ ಕಟ್ಟೆಯಲ್ಲಿ ಉಗಿಹಡಗನ್ನು ಹತ್ತಿ ತಲೈಮನ್ನಾರಿಗೆ ಹೋಗಿ, ಅಲ್ಲಿ ಕೊಲಂಬೊ ರೈಲನ್ನು ಹಿಡಿಯುವರು. ಈ ಮೂರಕ್ಕೂ ಒಂದೇ ಟಿಕೆಟ್ಟು. ಮುಂಬಯಿಯ ಬಲ್ಲಾರ್ಡ್ ಪಿಯರಿನಲ್ಲಿಯೂ ಹಡಗುಕಟ್ಟೆಯ ಪಕ್ಕದಲ್ಲಿಯೇ ರೈಲುನಿಲ್ದಾಣವಿದ್ದು, ಟಪಾಲು ಹಡಗಿನಿಂದ ಇಳಿದವರು ಅಲ್ಲಿಂದಲೇ ಉತ್ತರದೇಶದ ರೈಲನ್ನು ಹತ್ತುತ್ತಿದ್ದರು. ರೈಲೂ ಹಡಗೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತಿದ್ದುದರಿಂದ ಪ್ರಯಾಣಿಕನ ಹೊಣೆ ಹಗುರವಾಗಿದ್ದಿತು. ೧೯೬೪ನೆಯ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿಯೇ ಕೊಚ್ಚಿಹೋಯಿತು. ಬಲ್ಲಾರ್ಡ್ ಪಿಯರಿನ ರೈಲುನಿಲ್ದಾಣವೂ ಈಗಿಲ್ಲ. ಇಂದು ಮೆಟ್ರೋ ಒಬ್ಬರದು, ರೈಲು ಮತ್ತೊಬ್ಬರದು, ವಿಮಾನ ಇನ್ನೊಬ್ಬರದು, ಹಡಗು ಬೇರೆಯವರದು. ಒಂದು ತಡವಾದುದಕ್ಕೆ ಮತ್ತೊಂದು ಹೊಣೆಯಲ್ಲ. ಪರದೇಶದ ಕೆಲವು ಹಡಗುಸಂಸ್ಥೆಗಳು ವಿಮಾನದ ಏರ್ಪಾಟನ್ನೂ ತಾವೇ ವಹಿಸಿಕೊಳ್ಳುವುದುಂಟು. ಉಳಿದೆಡೆ ಕೊಂಡಿ ಹಾಕತಕ್ಕವನು ಗೃಹಸ್ಥನೇ.

ಆ ಕೊಂಡಿಯನ್ನು ಹಾಕುವ ಬಗೆ ಹೀಗೆ. ನೀವು ಆರಿಸಿಕೊಂಡ ವಾಹನವು ಹೊರಡಲೇ ಇಲ್ಲವೆಂದು ಭಾವಿಸಿರಿ. ಆ ವರ್ತಮಾನ ತಿಳಿದ ಮೇಲೆ ಮತ್ತೊಂದನ್ನು ಹಿಡಿದು ಬಾಗಿಲು ಮುಚ್ಚುವುದರೊಳಗೆ ರೇವನ್ನು ಸೇರಬಲ್ಲಿರಾ? ಸೇರಬಲ್ಲಿರಾದರೆ ನೀವು ಹೊರಡುವ ಹೊತ್ತು ಸರಿಯಾದುದು. ಇಲ್ಲವಾದರೆ ಇನ್ನೂ ಮುಂಚಿತವಾಗಿ ಹೊರಡತಕ್ಕದ್ದು. ಇದಕ್ಕೆ ಎರಡು ನಿಬಂಧನೆಗಳುಂಟು. ಎರಡನೆಯ ವಾಹನದಲ್ಲಿ ನಿಮ್ಮ ಮನೆಯವರೆಲ್ಲರಿಗೂ ಸ್ಥಳ ದೊರೆಯುವಂತಿರಬೇಕು. ಮತ್ತು ಅದು ಮೊದಲನೆಯದರ ದಾರಿಯನ್ನೇ ನೆಚ್ಚಿಕೊಂಡಿರಬಾರದು. ಒಂದೇ ಹಳಿಯ ಮೇಲೆ ಓಡುವ ಎರಡು ರೈಲುಗಳು ಇಂಥ ಲೆಕ್ಕದಲ್ಲಿ ಎರಡಲ್ಲ, ಒಂದೇ.

ನಮ್ಮ ಊರಿನಿಂದಲೇ ಉದಾಹರಣೆಯನ್ನು ನೋಡೋಣ. ಚೆನ್ನೈಗೆ ರೈಲುದಾರಿ ಸುಮಾರು ೩೬೦ ಕಿಲೋಮೀಟರು. ಬೆಳಗಿನ ಆರರ ಸುಮಾರಿಗೆ ಬೆಂಗಳೂರನ್ನು ಬಿಡುವ ಶತಾಬ್ದಿಯು ಹನ್ನೊಂದರ ಸುಮಾರಿಗೆ ಚೆನ್ನೈ ಸೆಂಟ್ರಲ್ಲನ್ನು ಸೇರುವುದು. ಅಲ್ಲಿಂದ ರೇವು ಕೆಲವೇ ಕಿಲೋಮೀಟರು. ಹಡಗು ಸಂಜೆಗಾದರೆ ಕಾಗದದ ಮೇಲೆ ಧಾರಾಳವಾಗಿ ಹೊತ್ತಿದೆ. ಆದರೆ ಆರು ಗಂಟೆಗೆ ಆ ರೈಲು ಹೊರಡದಿದ್ದರೆ? ಬೆನ್ನಹಿಂದೆಯೇ ಮತ್ತೊಂದು ರೈಲಿದ್ದರೂ ಅದರಲ್ಲಿ ಅಂದಿಗಂದೇ ನಾಲ್ಕು ಆಸನಗಳು ಸಿಕ್ಕುವುದು ದುರ್ಲಭ. ಹಳಿಯೇ ಕೆಟ್ಟಿದ್ದರೆ ಅದೂ ಇಲ್ಲ. ಬಾಡಿಗೆಯ ಕಾರಿನಲ್ಲಿ ಹೊರಟರೆ ಆರೇಳು ಗಂಟೆ. ಅದರ ಮೇಲೆ ಚೆನ್ನೈ ಪಟ್ಟಣದ ಸಂದಣಿ, ರೇವಿನ ಹೊರಗೆ ಸಾಲುಗಟ್ಟುವ ಸರಕಿನ ಲಾರಿಗಳು. ಬಾಗಿಲಿಗೂ ನಿಮಗೂ ಓಟದ ಪಂದ್ಯವಾಗುವುದು. ಇದಕ್ಕೆ ಪ್ರತಿಯಾಗಿ ಹಿಂದಿನ ದಿನ ಮಧ್ಯಾಹ್ನದ ವಂದೇ ಭಾರತ್ ರೈಲಿಗೆ ಹೊರಟವನನ್ನು ನೋಡಿರಿ. ಅದು ತಪ್ಪಿದರೆ ರಾತ್ರಿಯ ಚೆನ್ನೈ ಮೇಲ್ ಉಂಟು. ಹಳಿ ಕೆಟ್ಟರೆ ರಾತ್ರಿಯ ಬಸ್ಸುಂಟು. ಅದೂ ಇಲ್ಲವಾದರೆ ಬೆಳಗಿನ ವಿಮಾನವುಂಟು. ಅವನ ಕೈಯಲ್ಲಿ ಒಂದಲ್ಲ, ಮೂರು ಉಪಾಯಗಳು. ಒಂದು ರಾತ್ರಿಯ ಅಂತರವು ಕೊಡುವ ಬಲ ಇಷ್ಟು.

ಮನೆಯ ಹೊಸ್ತಿಲಿನಿಂದಲೇ ಲೆಕ್ಕ ಹಿಡಿಯಬೇಕೆಂಬುದನ್ನೂ ಮರೆಯಬಾರದು. ೨೦೨೧ನೆಯ ಆಗಸ್ಟಿನಲ್ಲಿ ಮೆಟ್ರೋ ನಾಯಂಡಹಳ್ಳಿಗೆ ಬಂದ ಮೇಲೆ ಬೆಂಗಳೂರು ರೈಲುನಿಲ್ದಾಣವು ನಮಗೆ ಬಹು ಸಮೀಪವಾಗಿದೆ. ಆದರೆ ಭಾನುವಾರಗಳಲ್ಲಿ ಮೆಟ್ರೋ ಏಳು ಗಂಟೆಗೆ ಆರಂಭವಾಗುವ ಪದ್ಧತಿಯಿರುವುದರಿಂದ ಆರು ಗಂಟೆಯ ರೈಲಿಗೆ ಅದು ಒದಗದು. ಮಳೆ ಸುರಿದ ಸಂಜೆ ಹೊರವರ್ತುಲ ರಸ್ತೆಯೂ ಮೈಸೂರು ರಸ್ತೆಯೂ ಕೂಡುವಲ್ಲಿ ವಾಹನಗಳು ಹೇಗೆ ನಿಲ್ಲುವುವೆಂಬುದನ್ನು ನಮ್ಮ ನೆರೆಯವರಿಗೆ ಹೇಳಬೇಕಾದುದಿಲ್ಲ. ೨೦೧೬ನೆಯ ಸೆಪ್ಟೆಂಬರ್ ೧೨ರಂದು ಕಾವೇರಿಯ ನೀರಿನ ವಿಷಯವಾಗಿ ಎದ್ದ ಗಲಭೆಯಲ್ಲಿ ನಮ್ಮ ಸಮೀಪದಲ್ಲಿಯೇ ಹತ್ತಾರು ಬಸ್ಸುಗಳು ಸುಟ್ಟುಹೋದುವು. ತಮಿಳುನಾಡಿಗೆ ಬಸ್ಸು ಸಂಚಾರ ನಿಂತಿತು. ಅಂಥ ದಿನ ಯಾರಿಗೂ ಬಾರದಿರಲಿ. ಬಂದರೆ ಬಸ್ಸಿನವನಿಗೆ ರೈಲನ್ನೋ ವಿಮಾನವನ್ನೋ ವಿಚಾರಿಸುವಷ್ಟು ಹೊತ್ತಾದರೂ ಕೈಯಲ್ಲಿರಬೇಕು.

ಮುಂಬಯಿಗೆ ಹೋಗುವವರ ಲೆಕ್ಕ ಇನ್ನೂ ಸುಲಭ. ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರನ್ನು ಬಿಟ್ಟು, ಸುಮಾರು ಒಂದು ದಿನ ಪ್ರಯಾಣ ಮಾಡಿ, ಮರುದಿನ ರಾತ್ರಿ ಛತ್ರಪತಿ ಶಿವಾಜಿ ಮಹಾರಾಜ ನಿಲ್ದಾಣವನ್ನು ಸೇರುವುದು. ಅಲ್ಲಿಂದ ಬಲ್ಲಾರ್ಡ್ ಪಿಯರ್ ಸಮೀಪವೇ. ಹಡಗಿನ ಹಿಂದಿನ ದಿನ ತಲಪುವ ರೈಲನ್ನು ಆರಿಸಿದರೆ ರಾತ್ರಿಯ ವಿಶ್ರಾಂತಿಯೂ ಆಯಿತು, ಅಂತರವೂ ದೊರೆಯಿತು. ವಿಮಾನದಲ್ಲಿ ಹೋಗುವವರು ‘ಎರಡು ಗಂಟೆಯ ದಾರಿ’ ಎಂದು ಮೈಮರೆಯಬಾರದು. ನಾಯಂಡಹಳ್ಳಿಯಿಂದ ದೇವನಹಳ್ಳಿಯ ವಿಮಾನನಿಲ್ದಾಣವು ೪೦ ಕಿಲೋಮೀಟರಿಗೂ ದೂರ. ಮುಂಬಯಿಯಿಂದ ಹಡಗುಗಳು ಹೊರಡುವ ಚಳಿಗಾಲವೇ ದೇವನಹಳ್ಳಿಯಲ್ಲಿ ಬೆಳಗಿನ ಮಂಜು ಕವಿದು ವಿಮಾನಗಳು ತಡವಾಗುವ ಕಾಲವೂ ಹೌದು. ಆದುದರಿಂದ ಅಂದಿನ ಮುಂಜಾನೆಯ ವಿಮಾನವನ್ನು ನೆಚ್ಚುವುದಕ್ಕಿಂತ ಹಿಂದಿನ ಮಧ್ಯಾಹ್ನದ್ದು ಉತ್ತಮ.

ಪರದೇಶದ ರೇವಿಗಾದರೆ ಎರಡು ರಾತ್ರಿಗಳ ಅಂತರ ಹೆಚ್ಚೆನಿಸದು. ಇಲ್ಲಿಂದ ನೇರವಾಗಿ ಹೋಗುವವರು ನಡುವೆ ವಿಮಾನ ಬದಲಾಯಿಸಬೇಕು, ಪೆಟ್ಟಿಗೆ ಹಿಂದುಳಿಯಬಹುದು, ಹಗಲಿರುಳು ತಿರುಗುಮುರುಗಾಗಿ ವೃದ್ಧರಿಗೆ ನಿದ್ರೆ ಕೆಡುವುದು. ಅಲ್ಲಿಯೇ ಮಕ್ಕಳ ಮನೆಯಲ್ಲಿರುವವರೂ ಚಳಿಗಾಲದಲ್ಲಿ ಎಚ್ಚರದಿಂದಿರತಕ್ಕದ್ದು. ೨೦೨೨ನೆಯ ಡಿಸೆಂಬರಿನ ಕಡೆಯ ವಾರ ಹಿಮಪಾತದ ದೆಸೆಯಿಂದ ಅಮೆರಿಕದಲ್ಲಿ ಸಾವಿರಾರು ವಿಮಾನಗಳು ರದ್ದಾದುವು. ಮಯಾಮಿಯಲ್ಲಿ ಬಿಸಿಲಿದ್ದರೂ ಶಿಕಾಗೋದಲ್ಲಿ ಹಿಮ ಬಿದ್ದರೆ ಯಾತ್ರೆ ಕೆಟ್ಟಂತೆಯೇ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷಕ್ಕೂ ಕಿವಿಗೊಡಬೇಕು. ಒಂದು ರಾತ್ರಿಯ ವಸತಿಗೆ ಹಣ ಸುಮ್ಮನೆ ಹೋಗುವುದಲ್ಲವೆ ಎಂಬುದು ಮೊದಲನೆಯ ಆಕ್ಷೇಪ. ನಾಲ್ವರ ಹಡಗಿನ ಟಿಕೆಟ್ಟಿನ ಪಕ್ಕದಲ್ಲಿ ಆ ಬಾಡಿಗೆಯನ್ನು ಬರೆದು ನೋಡಿದರೆ ಉತ್ತರ ತಾನಾಗಿ ದೊರೆಯುವುದು. ಬೇಕಾದರೆ ಯಾತ್ರೆಯಲ್ಲಿ ಬೇರೊಂದು ವೆಚ್ಚವನ್ನು ಕಡಮೆ ಮಾಡಿಕೊಳ್ಳಬಹುದು, ಇದನ್ನು ಮಾಡಬಾರದು. ತಡವಾದುದೂ ಒಮ್ಮೊಮ್ಮೆ ಒಳಿತಾಗುವುದೆಂದು ವಾದಿಸುವವರೂ ಉಂಟು. ೧೯೧೨ನೆಯ ಏಪ್ರಿಲ್ ೧೦ರಂದು ಸೌತ್‌ಹ್ಯಾಂಪ್ಟನ್ನಿನಲ್ಲಿ ಸ್ಲೇಡ್ ಎಂಬ ಮೂವರು ಸೋದರರು, ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆಂದು ಹಡಗಿಗೆ ಹೋಗುತ್ತಿದ್ದವರು, ದಾರಿಗಡ್ಡ ಬಂದ ರೈಲಿನ ದೆಸೆಯಿಂದ ತಡವಾಗಿ ತಲಪಿ ಹಿಂದಿರುಗಬೇಕಾಯಿತು. ಆ ಹಡಗು ‘ಟೈಟಾನಿಕ್’. ಆದರೆ ಇಂಥ ಅದೃಷ್ಟವನ್ನು ನೆಚ್ಚಿ ಯಾರೂ ಸಂಸಾರವನ್ನು ನಡೆಸಲಾರರು.

ಅತಿ ಮುಂಚೆ ಹೋಗುವುದೂ ಜಾಣತನವಲ್ಲ. ಮೂರು ನಾಲ್ಕು ದಿನ ಪರಊರಿನಲ್ಲಿ ಹೋಟೆಲಿನ ಊಟ ಮಾಡಿ, ಬಿಸಿಲಿನಲ್ಲಿ ಅಲೆದು, ದಣಿದು ಹಡಗು ಹತ್ತಿದರೆ ವಿಹಾರದ ಸುಖವೆಲ್ಲಿ? ಹಾಗೆಯೇ ಊರಿಗೆ ಹಿಂದಿನ ದಿನ ಸೇರಿದವರು ರೇವಿನ ಬಾಗಿಲಿಗೆ ಸೂರ್ಯೋದಯಕ್ಕೇ ಹೋಗಿ ನಿಲ್ಲಬೇಕಾದುದಿಲ್ಲ; ಟಿಕೆಟ್ಟಿನಲ್ಲಿ ನಿಮಗೆ ಗೊತ್ತುಮಾಡಿದ ಹೊತ್ತಿಗೆ ಹೋದರೆ ಸಾಕು. ದೊರೆತ ಸಂಜೆಯನ್ನು ಉಪಯೋಗಿಸಿಕೊಳ್ಳುವ ಬಗೆ ಗೃಹಿಣಿಯರಿಗೆ ತಿಳಿದೇ ಇದೆ. ಗುರುತಿನ ಚೀಟಿ, ಪಾಸ್‌ಪೋರ್ಟು, ಟಿಕೆಟ್ಟು, ವೃದ್ಧರ ನಿತ್ಯದ ಮಾತ್ರೆಗಳು ಇವೆಲ್ಲ ಕೈಚೀಲದಲ್ಲಿವೆಯೇ ಎಂದು ನೋಡಬೇಕು. ದೊಡ್ಡ ಪೆಟ್ಟಿಗೆಯನ್ನು ಹಡಗಿನವರು ತೆಗೆದುಕೊಂಡರೆ ಅದು ಕೈಸೇರುವುದಕ್ಕೆ ಹಲವು ಗಂಟೆಗಳಾಗಬಹುದು. ಮರೆತುಬಂದ ಮಾತ್ರೆಯನ್ನು ಊರಿನ ಅಂಗಡಿಯಲ್ಲಿ ಕೊಳ್ಳುವುದಕ್ಕೆ ಹೊತ್ತಿರುವುದೂ ಆ ಸಂಜೆಯ ಲಾಭವೇ.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ಹೊರಡುವ ದಿನಕ್ಕೆ ಮುಹೂರ್ತ ಕೂಡಿಬರದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ಬಟ್ಟೆಯ ಗಂಟನ್ನು ನೆರೆಮನೆಯಲ್ಲಿ ಇರಿಸಿ ‘ಪ್ರಸ್ಥಾನ’ ಮಾಡುತ್ತಿದ್ದರು. ರಾಹುಕಾಲ ಕಳೆಯಲೆಂದು ಮನೆಯಲ್ಲಿ ಕುಳಿತು ರೈಲು ತಪ್ಪಿಸಿಕೊಳ್ಳುವುದು ಆ ಪದ್ಧತಿಯ ಅಭಿಪ್ರಾಯವಲ್ಲ. ಅದು ಬರುವುದಕ್ಕೆ ಮುಂಚೆಯೇ ಹೊಸ್ತಿಲು ದಾಟುವುದು ಅದರ ಅಭಿಪ್ರಾಯ. ಪ್ರಯಾಣವು ವಾಹನವನ್ನೇರಿದಾಗ ಆರಂಭವಾಗುವುದಲ್ಲ, ಅದರ ಹಿಂದಿನ ದಿನವೇ ಆರಂಭವಾಗುವುದೆಂದು ಅವರು ಬಲ್ಲವರಾಗಿದ್ದರು. ಹಡಗಿನ ಟಿಕೆಟ್ಟನ್ನು ಕೊಂಡ ದಿನವೇ ಹಿಂದಿನ ದಿನದ ರೈಲಿನ ಆಸನವನ್ನೂ ರೇವಿನ ಊರಿನಲ್ಲಿ ಒಂದು ಕೋಣೆಯನ್ನೂ ಕಾದಿರಿಸಿಬಿಟ್ಟರೆ, ಮುಂದೆ ಮನೆಯಲ್ಲಿ ಈ ವಿಷಯವಾಗಿ ಎರಡು ಪಕ್ಷಗಳು ಏಳುವುದಕ್ಕೆ ಅವಕಾಶವೇ ಇರುವುದಿಲ್ಲ.