ಟಂಕಸಾಲೆಯ ತಪ್ಪು, ಗಲ್ಲಾದ ನಿಧಿ

ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿ ಚಿಲ್ಲರೆಯನ್ನು ಎಣಿಸುವಾಗ, ವಿಕಾರವಾದ ನಾಣ್ಯವೊಂದು ಕೈಗೆ ಬಂದರೆ ಸನತ್‌ನಗರದ ನಮ್ಮ ಗುಮಾಸ್ತರು ಅದನ್ನು ಖೋಟಾ ಎಂದು ಬದಿಗಿಡುವುದುಂಟು. ಲೆಕ್ಕದಲ್ಲಿ ಬಿದ್ದ ಕೊರತೆಯನ್ನು ಸ್ವಂತ ಜೇಬಿನಿಂದ ತುಂಬುವುದೂ ಉಂಟು. ಆದರೆ ವಿಕಾರವಾದುದೆಲ್ಲವೂ ಖೋಟಾ ಅಲ್ಲ. ಟಂಕಸಾಲೆಯೂ ತಪ್ಪುತ್ತದೆ, ಆ ತಪ್ಪನ್ನೇ ಅರಸಿ ಸಂಗ್ರಹಿಸುವ ರಸಿಕರೂ ಇದ್ದಾರೆ.

ಈ ಊರಿಗೆ ಟಂಕಸಾಲೆ ಹಳೆಯ ನೆಂಟ. 1803ರಲ್ಲಿ ಸುಲ್ತಾನ್‌ಶಾಹಿಯಲ್ಲಿ ಆರಂಭವಾಗಿ, 1903ರಲ್ಲಿ ಸೈಫಾಬಾದಿಗೆ ಬಂದು, 1950ರಲ್ಲಿ ಭಾರತ ಸರಕಾರದ ಅಧೀನವಾಗಿ, 1997ರಲ್ಲಿ ಚೆರ್ಲಪಲ್ಲಿಯನ್ನು ಸೇರಿತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರುಗಳ ನಮ್ಮ ಹಿರಿಯರು ನಿಜಾಮರ ಹಾಲಿ ಸಿಕ್ಕಾವನ್ನು ಬಳಸಿದವರು. ಇಂದಿನ ನಾಣ್ಯದಲ್ಲಿ ಇಸವಿಯ ಕೆಳಗೆ ಐದು ಮೊನೆಯ ನಕ್ಷತ್ರವಿದ್ದರೆ ಅದು ಹೈದರಾಬಾದಿನದು.

ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಎರಡು ಅಚ್ಚುಗಳ ನಡುವೆ ಒತ್ತಿದಾಗ ನಾಣ್ಯವಾಗುತ್ತದೆ. ಬಿಲ್ಲೆ ಓರೆಯಾಗಿ ಕುಳಿತರೆ ಚಿತ್ರ ಒಂದು ಪಕ್ಕಕ್ಕೆ ಸರಿಯುತ್ತದೆ. ಒತ್ತಿದ ನಾಣ್ಯವೊಂದು ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ, ಒಳಕ್ಕೆ ತಗ್ಗಾಗಿ ಮೂಡುತ್ತದೆ. ಪಟ್ಟಿಯಲ್ಲಿ ಮೊದಲೇ ತೂತಾದ ಜಾಗದ ಮೇಲೆ ಕತ್ತರಿ ಬಿದ್ದರೆ, ಇಲಿ ಕಚ್ಚಿದಂಥ ಅಂಚಿನ ನಾಣ್ಯ ಹುಟ್ಟುತ್ತದೆ.

ಇಲ್ಲಿಯೇ ವಂಚಕರ ಕೈಚಳಕ. ಅರದಿಂದ ಉಜ್ಜಿ ಅಂಚನ್ನು ಕಚ್ಚಿಸಿ ಮಾರುವವರಿದ್ದಾರೆ. ಗುರುತು ಹೀಗೆ: ನಿಜವಾದ ತಪ್ಪಾದರೆ, ಕಚ್ಚಿದ ಭಾಗಕ್ಕೆ ನೇರ ಎದುರಿನ ಏಣು ಸಾಮಾನ್ಯವಾಗಿ ಮಸುಕಾಗಿರುತ್ತದೆ; ಉಜ್ಜಿದ್ದಾದರೆ ಅದು ಸ್ಪಷ್ಟವಾಗಿಯೇ ಉಳಿಯುತ್ತದೆ. ಹತ್ತು ರೂಪಾಯಿಯ ನಾಣ್ಯಗಳ ಚಿತ್ರಭೇದವಂತೂ ತಪ್ಪೇ ಅಲ್ಲ. ಹದಿನಾಲ್ಕು ಮಾದರಿಗಳೂ ಚಲಾವಣೆಗೆ ಸಲ್ಲುವವೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಸಾರಿದೆ. ಗಿರಾಕಿಯೊಡನೆ ಜಗಳ ಬೇಡ.

ಇನ್ನೊಂದು ಎಚ್ಚರಿಕೆ. ‘ನಿಮ್ಮ ನಾಣ್ಯಕ್ಕೆ ಲಕ್ಷ ರೂಪಾಯಿ, ಮೊದಲು ಶುಲ್ಕ ಕಳುಹಿಸಿ’ ಎಂಬ ಮಾತಿಗೆ ಮರುಳಾಗಿ ಸಂಬಳವನ್ನು ನೀಗಿಕೊಳ್ಳಬೇಡಿರಿ. ಇಂಥ ವ್ಯವಹಾರ ತನ್ನದಲ್ಲ, ತಾನು ಶುಲ್ಕವನ್ನೂ ಕೇಳುವುದಿಲ್ಲ ಎಂದು ಅದೇ ಬ್ಯಾಂಕು 2021ರಲ್ಲಿ ತಿಳಿಸಿದೆ.

ಅಪರೂಪದ ನಾಣ್ಯ ಸಿಕ್ಕಿದರೆ ಮಾಲೀಕರಿಗೆ ತೋರಿಸಿ, ಅವರು ಒಪ್ಪಿದರೆ ಅದರ ಬೆಲೆಯನ್ನು ಗಲ್ಲಾಕ್ಕೆ ಹಾಕಿ ಎತ್ತಿಕೊಳ್ಳಿರಿ. ಹುಣಿಸೆಹಣ್ಣಿನಿಂದ ಬೆಳಗಬೇಡಿರಿ, ಒಣ ಕಾಗದದಲ್ಲಿ ಸುತ್ತಿಡಿರಿ. ಅದು ಹಣ ತಂದೀತೆಂಬ ಭರವಸೆ ಇಲ್ಲ. ಆದರೆ ದಿನವಿಡೀ ನಾಣ್ಯ ಎಣಿಸುವವನು ಒಂದನ್ನಾದರೂ ಕಣ್ತುಂಬ ನೋಡಿದರೆ, ಅದೇ ಲಾಭ.